ಹಿಡಿದ ಉಸಿರು

2002ರಲ್ಲಿ ನಾನು ಊಟಿಯ ಸಣ್ಣ ಕ್ಲಿನಿಕ್ಕೊಂದರಲ್ಲಿ ಹೃದಯದ ಎಕೋ ಸ್ಕ್ಯಾನ್ ತೆಗೆಯುತ್ತಿದ್ದೆ. ಉಸಿರಾಡಿದರೆ ಪರದೆಯ ಮೇಲೆ ಹೃದಯ ಓಲಾಡಿ ಅಳತೆ ತಪ್ಪುತ್ತದೆ. ಅದಕ್ಕೇ ರೋಗಿಗೆ ಉಸಿರು ಹಿಡಿಯಲು ಹೇಳುತ್ತಿದ್ದೆ. ಬಿಡಿ ಎನ್ನಲು ಮರೆಯಬಾರದೆಂದು ನಾನೂ ಹಿಡಿಯುತ್ತಿದ್ದೆ.

ಆ ಮಧ್ಯಾಹ್ನ ಇತ್ತಲಾರ್ ಹಳ್ಳಿಯ ಬೆಳ್ಳಿ ಗೌಡರು ಉಸಿರು ಹಿಡಿದರೂ ಚಿತ್ರ ಯಾರೋ ಉಸಿರಾಡುತ್ತಿರುವ ಹಾಗೆ ಓಲಾಡುತ್ತಲೇ ಇತ್ತು: ಒಂದು ಓಲಾಟ ಉದ್ದ, ಎರಡು ಗಿಡ್ಡ.

"ಹಿಡ್ಕೊಳ್ಳಿ ಗೌಡರೇ," ಎಂದೆ.

"ಅವ್ರು ಉಸುರು ಬಿಟ್ಟೇ ಇಲ್ಲವಮ್ಮಾ," ಎಂದಳು ಪಕ್ಕದಲ್ಲಿದ್ದ ಹೆಂಡತಿ ನಂಜಿ.

ನಿಜ, ನನ್ನ ಕೈಯಡಿಯ ಎದೆ ಅಲುಗುತ್ತಿರಲಿಲ್ಲ. ಬಿಡಿ ಎಂದೆ. ಎದೆ ಏರಿಳಿಯಿತು, ಓಲಾಟ ಥಟ್ಟನೆ ನಿಂತು, ಹೃದಯ ಇದ್ದಲ್ಲೇ ಮಿಡಿಯತೊಡಗಿತು. ಮೂರು ಸಲ ಹಿಡಿಸಿ ನೋಡಿದೆ, ಮೂರು ಸಲವೂ ಹೀಗೇ ಆಯಿತು.

ಅವರು ಹೋದ ಮೇಲೆ ಯಂತ್ರ ಕೆಟ್ಟಿದೆಯೇನೋ ಎಂದು ರೋಗಿಯ ಎದೆಗೊತ್ತುವ ಪ್ರೋಬನ್ನು ನನ್ನ ಎದೆಗೇ ಇಟ್ಟುಕೊಂಡೆ. ನನ್ನ ಹೃದಯ ಸರಿಯಾಗಿಯೇ ಕಂಡಿತು. ಉಸಿರು ಹಿಡಿದೆ. ಪರದೆಯ ಮೇಲೆ ಅದು ಓಲಾಡತೊಡಗಿತು.

ಒಂದು ಉದ್ದ, ಎರಡು ಗಿಡ್ಡ.