ಅಣ್ಣ ಕೂತ ಅಚ್ಚು

ಒಳಗೆ ಬಂದವನೇ ಅವನು ಗೋಡೆಯತ್ತ ಬೆರಳು ಮಾಡಿದ. "ಅದು ನಮ್ಮಣ್ಣ ಅಲ್ವಾ?"

ಅವಳ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಗೋಡೆಗೆ ತೂಗುಹಾಕಿದ್ದದ್ದು ಗಟ್ಟಿ ಫೋಮಿನ ಅಚ್ಚು. ರೇಸ್ ಕಾರಿನ ಸೀಟು ಓಡಿಸುವವನ ಮೈಗೆ ಅಂಟಿದಂತಿರಬೇಕು. ಅದಕ್ಕಾಗಿ ಅವನ ಬೆನ್ನು, ಭುಜ, ಸೊಂಟದ ಅಚ್ಚು ತೆಗೆದು, ಮೇಲೆ ಬಟ್ಟೆ ಹೊಲಿಯುವುದು ಅವಳ ಕೆಲಸ. ಈ ಅಚ್ಚಿನಲ್ಲಿ ಕೂತಿದ್ದವನು ಮೂರು ತಿಂಗಳ ಹಿಂದೆ ಜ್ವರವೆಂದು ಮಲಗಿ, ಮತ್ತೆ ಏಳಲಿಲ್ಲ. ಅಂದಿನಿಂದ ಆ ಖಾಲಿ ತಗ್ಗು ತನ್ನನ್ನೇ ನೋಡುತ್ತಿದೆ ಎನ್ನಿಸಿ, ಅವಳು ಅದಕ್ಕೆ ಬೆನ್ನು ತಿರುಗಿಸಿ ಕೂತು ಹೊಲಿಯುತ್ತಿದ್ದಳು.

ಅಚ್ಚು ತೆಗೆದದ್ದು ಅಣ್ಣತಮ್ಮಂದಿರು ಎರಡು ವರ್ಷದಿಂದ ಕಾಯುತ್ತಿದ್ದ, ಇನ್ನೂ ಬರಬೇಕಿದ್ದ ಕಾರಿಗೆ. ದೈತ್ಯ ಎಂಜಿನ್ನಿನ ಮಸಲ್ ಕಾರಿನ, ರೇಸ್ ಟ್ರ್ಯಾಕಿಗೆಂದೇ ತಯಾರಾದ ಮಾದರಿ. ಹಿಂದಿನ ಸೀಟಿಲ್ಲ, ಎ.ಸಿ. ಇಲ್ಲ, ಸ್ಪೀಕರ್ ಇಲ್ಲ.

"ಬಾಗಿಲಾದ್ರೂ ಬಿಟ್ಟಿದ್ದಾರೋ, ಅದನ್ನೂ ಕಿತ್ತು ಹಾಕಿದ್ದಾರೋ?" ಎಂದು ವರ್ಕ್‌ಶಾಪಿನ ಯಜಮಾನರಾದ ಅವಳ ಚಿಕ್ಕಪ್ಪ ಛೇಡಿಸಿದರು.

ತಮ್ಮ ನಗಲಿಲ್ಲ. "ಹೊಸ ಅಚ್ಚು ಬೇಡ ಮೇಡಂ. ನಾನು ಅಣ್ಣನ ಅಚ್ಚಲ್ಲೇ ಕೂರ್ತೀನಿ."

ಅವಳು ಅಚ್ಚು ಇಳಿಸಿಕೊಟ್ಟಳು, ಅವನು ಕೂತ. ಅಣ್ಣ ಅಗಲ ಬೆನ್ನಿನವನು; ಇವನ ಭುಜದ ಪಕ್ಕ ಅವಳ ಅಂಗೈ ಸಲೀಸಾಗಿ ಹೋಯಿತು. ಆಗದು ಎನ್ನಬೇಕಿತ್ತು. ಆದರೆ ಅವನು ಕಣ್ಣು ಮುಚ್ಚಿ ನಿರಾಳವಾಗಿ ಉಸಿರು ಬಿಟ್ಟ.

"ಒಳಗೆ ಪ್ಯಾಡಿಂಗ್ ಕೊಟ್ರೆ ಸರಿಹೋಗುತ್ತೆ," ಎಂದುಬಿಟ್ಟಳು.

ಆಮೇಲೆ ಅವನು ಪ್ರತಿ ಶನಿವಾರ ಬಂದ.

"ಹೋದ ವಾರ ತಾನೇ ಹೊಲಿದ್ರಿ, ಮತ್ತೆ ಬಿಚ್ತಿದ್ದೀರಾ?"

"ನೀವು ಸಣ್ಣ ಆಗಿದ್ದೀರಿ."

"ಒಂದೇ ವಾರದಲ್ಲಾ?"

"ಅಳತೆ ತೆಗೆಯೋಳು ನಾನು. ಸುಮ್ನೆ ಕೈ ಎತ್ತಿ."

ಅವನು ನಕ್ಕರೆ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು. ಆಗ ಅವಳು ಟೇಪಿನ ಅಂಕಿಯನ್ನು ಎರಡು ಸಲ ಓದಬೇಕಾಗುತ್ತಿತ್ತು.

ಅಚ್ಚಿನಲ್ಲಿ ಕೂತೊಡನೆ ಮಾತ್ರ ಆ ನಗು ಆರಿಹೋಗುತ್ತಿತ್ತು. ಎಡ ಭುಜ ತುಸು ವಾಲುತ್ತಿತ್ತು, ಅಚ್ಚು ಕೊಟ್ಟ ದಿನ ಅಣ್ಣನದು ವಾಲಿದ್ದಂತೆಯೇ. ಗಂಟಲು ಸರಿಮಾಡಿಕೊಳ್ಳುವುದೂ ಅವನಂತೆಯೇ. ಹಾಡಹಗಲಲ್ಲೇ ಅವಳ ಮುಂಗೈ ರೋಮ ನಿಲ್ಲುತ್ತಿತ್ತು. ಈಗ ಇದರಿಂದ ಎದ್ದು ಬರುವವನು ಯಾರೋ ಎಂದು ಅವಳು ಉಸಿರು ಹಿಡಿದು ಕಾಯುತ್ತಿದ್ದಳು.

"ನಾಳೆ ಹತ್ತು ಗಂಟೆಗೆ ಕಾರು ಬರುತ್ತೆ," ಎಂದ ಒಂದು ದಿನ. "ಸೀಟು ಕೂರಿಸಿದ ತಕ್ಷಣ ಸೀದಾ ಟ್ರ್ಯಾಕಿಗೆ."

ಕಣ್ಣು ಮುಚ್ಚಿ, ಇಲ್ಲದ ಸ್ಟೀರಿಂಗ್ ತಿರುಗಿಸಿದ. ಪ್ಯಾಡಿಂಗ್ ಮೇಲೆ ಅವನ ಬೆನ್ನು ಎರಡು ಬೆರಳಿನಷ್ಟು ಜಾರಿತು. ನಿಂತ ನೆಲದಲ್ಲೇ ಇಷ್ಟಾದರೆ, ಆ ವೇಗದ ತಿರುವಿನಲ್ಲಿ? ನಿಜ ಹೇಳಿದರೆ ಅವನು ಮತ್ತೆ ಇಲ್ಲಿಗೆ ಬರಲಿಕ್ಕಿಲ್ಲ. ಹೇಳದಿದ್ದರೆ ಮನೆಗೂ ಹೋಗಲಿಕ್ಕಿಲ್ಲ.

"ಸರಿಹೋಗುತ್ತೆ ಅಂದಿದ್ದು ಸುಳ್ಳು," ಎಂದಳು. "ಮೊದಲ ದಿನಾನೇ ಗೊತ್ತಿತ್ತು. ಇದು ನಿಮ್ಮನ್ನ ಹಿಡಿಯಲ್ಲ."

"ಮತ್ತೆ ಇಷ್ಟು ಶನಿವಾರ?"

"ನೀವು ಬರ್ತಿದ್ರಲ್ಲ, ಅದಕ್ಕೆ."

ಅವನ ಮುಖ ಬಿಳಿಚಿತು. "ಇದರಲ್ಲಿ ಕೂತ್ರೆ ಅಣ್ಣ ಹಿಂದಿನಿಂದ ತಬ್ಬಿಕೊಂಡ ಹಾಗಿರುತ್ತೆ. ನಿಮಗೆ ಎಲ್ಲಾ ಬರೀ ಅಳತೆ."

"ಅಣ್ಣ ಹೇಗೆ ಕೂರ್ತಿದ್ರು ಅಂತ ನನಗೆ ಗೊತ್ತು. ನೀವು ಹೇಗೆ ಕೂರ್ತೀರಿ ಅಂತ ನಾನಿನ್ನೂ ನೋಡೇ ಇಲ್ಲ."

ಅವನು ಜಾಕೆಟ್ ಎತ್ತಿಕೊಂಡು, ತಿರುಗಿಯೂ ನೋಡದೆ ಹೊರಟುಹೋದ.

ಮರುದಿನ ಹತ್ತಕ್ಕೆ ಕಾರನ್ನು ಲಾರಿಯಿಂದ ಇಳಿಸಿ ಚಿಕ್ಕಪ್ಪ ಸ್ಟಾರ್ಟ್ ಮಾಡಿದರು. ಕಿಟಕಿ ಗಾಜು ನಡುಗಿತು. ಡಬ್ಬಿಯೊಳಗಿನ ಗುಂಡುಪಿನ್ನುಗಳು ಕುಣಿದವು. ಎರಡು ವರ್ಷ ಕಾದ ಸದ್ದು. ಕಾದವನು ಅದರತ್ತ ಹೋಗದೆ ನೇರ ಅವಳ ಮೇಜಿನ ಮುಂದೆ ಬಂದು ನಿಂತ. ಅವನ ಕಣ್ಣು ಊದಿದ್ದವು.

"ನನ್ನ ಅಚ್ಚು ತೆಗೀರಿ."

ಅವಳು ಅವನನ್ನು ಕಾರಿನ ಬರಿ ಸೀಟಿನಲ್ಲಿ ಕೂರಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿರಿಸಿ, ಬೆನ್ನ ಹಿಂದಿನ ಪ್ಲಾಸ್ಟಿಕ್ ಚೀಲಕ್ಕೆ ಫೋಮ್ ಸುರಿದಳು. ಅದು ಬಿಸಿಯಾಗಿ ಉಬ್ಬಿ ಅವನನ್ನು ಒತ್ತತೊಡಗಿತು.

"ಯಾರೋ ಹಿಡ್ಕೊಂಡ ಹಾಗಿದೆ," ಎಂದ, ಹೆದರಿದವನಂತೆ.

"ಯಾರೂ ಇಲ್ಲ. ಅದು ನಿಮ್ಮದೇ ಬೆನ್ನು. ಕಾಲು ಗಂಟೆ ಅಲ್ಲಾಡೋ ಹಾಗಿಲ್ಲ."

"ಮಾತಾಡಬಹುದಾ?"

"ಮೆಲ್ಲಗೆ."

"ಮೊದಮೊದಲು ಅಣ್ಣನ್ನ ನೋಡೋಕೆ ಬರ್ತಿದ್ದೆ," ಎಂದ ಮೆಲ್ಲಗೆ. "ಆಮೇಲಾಮೇಲೆ ಅಣ್ಣನ್ನ ನೆಪ ಮಾಡ್ಕೊಂಡು ನಿಮ್ಮನ್ನ ನೋಡೋಕೆ. ಅವನಿಗೆ ಮೋಸ ಮಾಡ್ತಿದ್ದೀನಿ ಅನ್ನಿಸೋದು. ಅದಕ್ಕೇ ನಿನ್ನೆ ನಿಮ್ಮ ಮೇಲೆ ರೇಗಿದೆ."

ಅವಳು ಅವನನ್ನೇ ನೋಡಿದಳು. ಅವನ ಎರಡು ಭುಜವೂ ನೇರವಾಗಿದ್ದವು. ಕತ್ತು ಮಾತ್ರ ಒಂದಿಷ್ಟು ಮುಂದೆ ಚಾಚಿತ್ತು, ಏನನ್ನೋ ಕೇಳಿಸಿಕೊಳ್ಳುವವನಂತೆ. ಓ, ಇವನು ಕೂರುವುದು ಹೀಗೆ.

ಅವನ ಕಣ್ಣಿಂದ ನೀರಿಳಿದು ತುಟಿಯಂಚಿಗೆ ಬಂತು. ಕೈ ಸ್ಟೀರಿಂಗ್ ಬಿಡುವಂತಿರಲಿಲ್ಲ.

"ಒರೆಸ್ಕೊಳ್ಳಲಾ?"

"ಅಲ್ಲಾಡಬೇಡಿ ಅಂದ್ನಲ್ಲ," ಎಂದು ಅವಳೇ ಹೆಬ್ಬೆರಳಿನಿಂದ ಒರೆಸಿದಳು. ಫೋಮ್ ಗಟ್ಟಿಯಾಗಲು ಇನ್ನೂ ಎಂಟು ನಿಮಿಷವಿತ್ತು. ಅವಳು ಕೈ ತೆಗೆಯಲಿಲ್ಲ.