ದಾಂಪತ್ಯದರ್ಶಿಯೂ ಬನವ್ವನ ಸೊಸೆಯೂ

ದಾಂಪತ್ಯದರ್ಶಿ ಎರಡು ಕುರ್ಚಿಗಳ ಯಂತ್ರ. ಹುಬ್ಬಳ್ಳಿಯ ನಿವಾಸ ಪರವಾನಗಿ ಕಚೇರಿಯ ಗಾಜಿನ ಕೋಣೆಯಲ್ಲಿ ಆ ಬೆಳಿಗ್ಗೆ ಒಂದು ಕುರ್ಚಿಯಲ್ಲಿ ಡಾಕ್ಟರ್ ವಿರೂಪಾಕ್ಷ, ಇನ್ನೊಂದರಲ್ಲಿ ಅವನ ಹೆಂಡತಿ ಮೀರಿಮ್ ಕುಳಿತಿದ್ದರು. ಇಬ್ಬರ ಮಣಿಕಟ್ಟಿಗೂ ಪಟ್ಟಿ, ತಲೆಗೆ ತೆಳುವಾದ ಜಾಲರಿ. ವಿರೂಪಾಕ್ಷನ ಸರದಿ ಮುಗಿದು ಅವನ ದೀಪ ಹಸಿರಾಗಿ ಉರಿಯುತ್ತಿತ್ತು. ಗಾಜಿನಾಚೆ ನಿಂತಿದ್ದ ಅವನ ತಾಯಿ ಬನವ್ವನಿಗೆ ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಯಂತ್ರ ಏನೋ ಕೇಳಿದಂತಾಯಿತು. ಸೊಸೆ ತಲೆ ತಗ್ಗಿಸಿ ನಕ್ಕಳು. ಮತ್ತೆ ಕೇಳಿತು. ಮುಂದಿದ್ದ ಅರ್ಜಿಯ ಹಾಳೆಯತ್ತ ಬೆರಳು ತೋರಿಸಿದಳು. ಮೂರನೆಯ ಸಲ ಕಿವಿಯವರೆಗೂ ಕೆಂಪಾಗಿ ಏನೋ ಒಂದು ಮಾತು ಉಸುರಿದಳು. ಅವಳ ದೀಪ ಕೆಂಪಗೆ ಹೊತ್ತಿಕೊಂಡಿತು.

"ಕೆಂಪು ಅಂದ್ರ ಚಲೋನೋ ಕೆಟ್ಟದ್ದೋ?" ಎಂದು ಬನವ್ವ ಪಕ್ಕದಲ್ಲಿದ್ದ ಗಂಡನನ್ನು ಕೇಳಿದಳು.

"ಕುಂಕುಮದ ಬಣ್ಣ ಅಲ್ಲೇನ, ಚಲೋನ ಇರಬೇಕು," ಎಂದರು ಫಕೀರಪ್ಪ.

ಚಲೋ ಆಗಿರಲಿಲ್ಲ. ನಾಲ್ಕನೆಯ ದಿನ ಗದಗ-ಬೆಟಗೇರಿಯ ಮನೆಗೆ ಪತ್ರ ಬಂತು. ಅರ್ಜಿ ತಿರಸ್ಕೃತವಾಗಿತ್ತು. ಮೀರಿಮ್ ಮೂವತ್ತು ದಿನಗಳೊಳಗೆ ದೇಶ ಬಿಡಬೇಕು. ಒಂದೇ ಒಂದು ಮೇಲ್ಮನವಿಗೆ ಅವಕಾಶವಿದೆ.

ಈ ಯಂತ್ರವನ್ನು ಕೆಟ್ಟ ಬುದ್ಧಿಯಿಂದ ಯಾರೂ ಕಟ್ಟಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅದಕ್ಕೂ ಮುಂಚೆ ವಿದೇಶಿ ಸಂಗಾತಿಗಳನ್ನು ಅಧಿಕಾರಿಗಳೇ ಪ್ರಶ್ನಿಸುತ್ತಿದ್ದರು. ಮಲಗುವ ಕೋಣೆಯ ಗೋಡೆಗೆ ಯಾವ ಬಣ್ಣ, ರಾತ್ರಿ ಯಾರು ಯಾವ ಮಗ್ಗುಲಲ್ಲಿ ಮಲಗುತ್ತಾರೆ ಎಂದೆಲ್ಲ ಕೇಳಿ ಮರ್ಯಾದಸ್ಥರ ಮಾನ ಕಳೆಯುತ್ತಿದ್ದರು. ಇದನ್ನು ಕಂಡು ರೋಸಿಹೋದ ನರವಿಜ್ಞಾನಿ ಡಾ. ವೈಜಯಂತಿ ಕಟಗೇರಿ ಹನ್ನೊಂದು ವರ್ಷ ದುಡಿದು ದಾಂಪತ್ಯದರ್ಶಿಯನ್ನು ರೂಪಿಸಿದರು. ಅದರ ತತ್ತ್ವ ಸರಳ. ದಿನವೂ ಜೊತೆಗೆ ಬಾಳುವವರ ಹೆಸರನ್ನು ಹೇಳುವಾಗ ಮನುಷ್ಯನ ನಾಡಿ, ಬೆವರು, ಕಣ್ಣಿನ ಪಾಪೆ ಎಲ್ಲವೂ ಒಂದು ಬಗೆಯ ನೆಮ್ಮದಿಗೆ ಇಳಿಯುತ್ತವೆ. ಇದನ್ನು ಅವರು 'ಪರಿಚಯಶಾಂತಿ' ಎಂದು ಕರೆದರು. ಕಾಗದದ ಮೇಲಷ್ಟೇ ಮದುವೆಯಾದವರಲ್ಲಿ ಈ ಶಾಂತಿ ಇರುವುದಿಲ್ಲ. ಹೆಸರು ನಾಲಿಗೆಗೆ ಬರುವಾಗ ಎದೆ ಧಡಗುಟ್ಟುತ್ತದೆ. ಎಂಟು ಲಕ್ಷ ದಂಪತಿಗಳ ಮೇಲೆ ಪರೀಕ್ಷಿಸಿದ್ದರು, ಎಲ್ಲೂ ತಪ್ಪಿರಲಿಲ್ಲ.

ವಿರೂಪಾಕ್ಷ ಅಂಗಳದಲ್ಲಿ ನಿಂತು ಪತ್ರ ಓದಿದ. ಫಕೀರಪ್ಪ ಮಗ್ಗ ನಿಲ್ಲಿಸಿ ಕಿವಿಗೊಟ್ಟರು.

"'ಪತಿಯ ಹೆಸರನ್ನು ಎರಡು ಸಲ ಹೇಳಲಿಲ್ಲ. ಮೂರನೆಯ ಸಲ ಹೇಳುವಾಗ ಹೃದಯಬಡಿತ ನಿಮಿಷಕ್ಕೆ ನೂರ ಮೂವತ್ತೆರಡು. ಈ ವಿವಾಹ ಕೃತಕ.' ಅವತ್ತ ನಾಚಿಕಿ ಅಂತ ತಿಳಕೊಂಡಿದ್ದೆ. ಏನಾಗಿತ್ತ ನಿನಗ, ಮೀರಿಮ್? ನನ್ನ ಹೆಸರು ಮರೀತೇನು?"

ಮೀರಿಮ್ ಅತ್ತೆಯ ಕಡೆ ನೋಡಿದಳು. ಬನವ್ವನ ಕೈಯಲ್ಲಿದ್ದ ನೂಲಿನ ಲಡಿ ಜಾರಿ ಬಿತ್ತು.

"ಅಯ್ಯ ಶಿವನ, ಇದು ನನ್ನ ಕೈಲೇ ಆತು," ಎಂದು ಅವಳು ಹಣೆ ಚಚ್ಚಿಕೊಂಡಳು.

ಮೂರು ವರ್ಷದ ಹಿಂದಿನ ಮಾತು. ಕಿರ್ಗಿಸ್ತಾನದಲ್ಲಿ ವೈದ್ಯಕೀಯ ಓದಲು ಹೋದ ಮಗ ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಕರೆತಂದಾಗ ಬನವ್ವ ಎರಡು ದಿನ ಊಟ ಬಿಟ್ಟಿದ್ದಳು. ಮೂರನೆಯ ದಿನ ಹುಡುಗಿ ಓಣಿಗೆಲ್ಲ ಕೇಳುವಂತೆ "ವಿರೂಪಾಕ್ಷ" ಎಂದು ಗಂಡನನ್ನು ಕೂಗಿದಳು. ಬನವ್ವನಿಗೆ ಸಿಟ್ಟು ನೆತ್ತಿಗೇರಿತು. "ಗಂಡನ ಹೆಸರು ಹಿಡದು ಕರದ್ರ ಅವನ ಆಯುಷ್ಯ ಕಡಿಮಿ ಆಗತೈತಿ, ಗೊತ್ತೈತೇನು?" ಎಂದು ಗದರಿದಳು. ಒಂದು ಜಗಳವಾಗಲಿ, ಮನಸ್ಸು ಹಗುರಾಗಲಿ ಎಂಬುದೇ ಅವಳ ಲೆಕ್ಕಾಚಾರ. ಆದರೆ ವಿರೂಪಾಕ್ಷ ಆ ಮಾತನ್ನು ಭಾಷಾಂತರಿಸಿ ಹೇಳಿ ಆಸ್ಪತ್ರೆಗೆ ಹೋದಮೇಲೆ ಹುಡುಗಿ ಅತ್ತೆಯ ಪಕ್ಕ ಬಂದು ಕುಳಿತು, ಕೈಸನ್ನೆಯಲ್ಲೂ ಹರಕು ಕನ್ನಡದಲ್ಲೂ ತಿಳಿಸಿದಳು: ತಮ್ಮಲ್ಲೂ ಹೀಗೇ, ತನ್ನ ಅಜ್ಜಿ ಮಾವನ ಹೆಸರನ್ನು ಸಾಯುವತನಕ ಹೇಳಲಿಲ್ಲ. ಬನವ್ವನ ಸಿಟ್ಟು ಅಲ್ಲಿಗೆ ಕರಗಿತು. ಅಂದಿನಿಂದ ಮೀರಿಮ್ ಗಂಡನನ್ನು "ಇಲ್ನೋಡ್ರಿ" ಎಂದೇ ಕರೆದಳು. ಅವನು ಅದನ್ನು ತಮಾಷೆ ಎಂದುಕೊಂಡಿದ್ದ. ಮಧ್ಯಾಹ್ನ ಅತ್ತೆ-ಸೊಸೆ ಎದುರುಬದುರು ಕೂತು ನೂಲು ಸುತ್ತುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟದಿದ್ದರೂ ಬನವ್ವನಿಗೆ ಅವಳು ಮಗಳೇ ಆಗಿದ್ದಳು. ಆ ಮಗಳನ್ನು ಈಗ ತನ್ನ ನಾಲಿಗೆಯೇ ದೇಶ ಬಿಡಿಸುತ್ತಿದೆ ಎಂದು ಅವಳಿಗೆ ಅನ್ನ ಇಳಿಯದಾಯಿತು.

"ಅಂಜಬ್ಯಾಡ. ಈ ಸಲ ಒಂದ ಮಾತು, ಹೇಳಿಬಿಡು. ನಾ ಡಾಕ್ಟರ್ ಇದ್ದೀನಿ, ನನಗೇನೂ ಆಗಂಗಿಲ್ಲ," ಎಂದ ವಿರೂಪಾಕ್ಷ.

"ಗೊತ್ತೈತ್ರಿ. ತಲಿಗೆ ಗೊತ್ತೈತಿ, ಎದಿಗೆ ಗೊತ್ತಿಲ್ಲ," ಎಂದಳು ಮೀರಿಮ್.

ಅವಳು ಹೇಳಿದಂತೆಯೇ ಆಯಿತು. ಮೇಲ್ಮನವಿಯ ದಿನ, ಅಂಥ ಅರ್ಜಿಗಳನ್ನು ಖುದ್ದಾಗಿ ನೋಡುತ್ತಿದ್ದ ಡಾ. ವೈಜಯಂತಿಯವರ ಎದುರಿಗೇ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಗಂಡನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ಬಡಿತ ನೂರ ನಲವತ್ತಕ್ಕೆ ಹಾರಿತು. ದೀಪ ಮತ್ತೆ ಕೆಂಪಾಯಿತು.

ವೈಜಯಂತಿ ಕನ್ನಡಕ ತೆಗೆದರು. "ನನಗೂ ಬೇಸರವಾಗ್ತದೆ, ಅಮ್ಮಾ. ಆದರೆ ಹೆಸರು ಹೇಳುವಾಗ ಈ ಪರಿ ಎದೆ ಹೊಡೆದುಕೊಂಡರೆ ಯಂತ್ರ ಏನು ಮಾಡಬೇಕು?"

"ನನ್ನೂ ಒಮ್ಮಿ ಕೂಡಸ್ರಿ, ಬಾಯಾರ," ಎಂದಳು ಬನವ್ವ.

ವೈಜಯಂತಿ ಒಪ್ಪಿದರು. ಬನವ್ವನ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದಾಯಿತು. ನಿಮ್ಮ ಪತಿಯ ಹೆಸರೇನು ಎಂದು ಯಂತ್ರ ಕೇಳಿತು. ಬನವ್ವ ಸೆರಗು ಸರಿಮಾಡಿಕೊಂಡಳು, ಕೆಮ್ಮಿದಳು, ಬಾಗಿಲಾಚೆ ನಿಂತಿದ್ದ ಫಕೀರಪ್ಪನವರನ್ನು ನೋಡಿ ಮುಖ ತಿರುಗಿಸಿದಳು. ಮೂರನೆಯ ಸಲಕ್ಕೆ ಹೇಗೋ ಒದರಿಬಿಟ್ಟಳು. ದೀಪ ಕೆಂಪಾಗಿ, ಪರದೆಯ ಮೇಲೆ ಅಕ್ಷರ ಮೂಡಿತು: 'ಈ ವಿವಾಹ ಕೃತಕ.'

"ನಲವತ್ತೆರಡು ವರ್ಷ ಆತ್ರಿ ಸಂಸಾರ ಮಾಡಾಕ ಹತ್ತಿ," ಎಂದಳು ಬನವ್ವ. "ನನ್ನ ಯಾವ ದೇಶಕ್ಕ ಕಳಸ್ತೀರಿ, ಬಾಯಾರ?"

ವೈಜಯಂತಿ ಪರದೆಯ ಮೇಲಿನ ಅಕ್ಷರವನ್ನು ಮತ್ತೊಮ್ಮೆ ಓದಿದರು. ಅವರು ತಮ್ಮ ಗಂಡನನ್ನು ಕಾಲೇಜಿನ ದಿನಗಳಿಂದಲೂ ಹೆಸರು ಹಿಡಿದು, ಅದೂ ಏಕವಚನದಲ್ಲಿ, ಕರೆಯುತ್ತ ಬಂದವರು. ಅವರು ಪರೀಕ್ಷೆಗೆ ಆರಿಸಿಕೊಂಡ ಎಂಟು ಲಕ್ಷ ದಂಪತಿಗಳೂ ಅಂಥವರೇ. ಹೆಸರು ಹೇಳದಿರುವುದೇ ಪ್ರೀತಿಯಾಗಿರುವ ಮನೆಗಳಿಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

"ತಪ್ಪು ನನ್ನದೇ," ಎಂದರು ಅವರು. "ಆದರೆ ದೀಪ ಹಸಿರಾಗದೆ ಪರವಾನಗಿ ಕೊಡುವ ಅಧಿಕಾರ ನನಗಿಲ್ಲ. ಯಂತ್ರವನ್ನು ತಿದ್ದಲಿಕ್ಕೆ ಆರು ತಿಂಗಳಾದರೂ ಬೇಕು. ನಿಮಗೆ ಉಳಿದಿರುವುದು ಹತ್ತು ದಿನ."

ಬನವ್ವ ಕುರ್ಚಿಯಿಂದ ಏಳದೆಯೇ ಕೇಳಿದಳು: "ಬರೇ ಹೆಸರ ಹೇಳಬೇಕೋ, ಒಡಪು ಹಾಕಿ ಹೇಳಿದ್ರ ನಡಿಯತೈತೋ?"

"ಒಡಪು ಅಂದರೆ?"

"ಮದುವ್ಯಾಗ, ಸೀಮಂತದಾಗ ಹೆಣಮಕ್ಕಳಿಗೆ ಗಂಡನ ಹೆಸರ ಹೇಳು ಅಂತ ಕಾಡತಾರಲ್ರಿ. ಆವಾಗ ಎರಡು ಸಾಲು ಕಟ್ಟಿ, ಅದರಾಗ ಹೆಸರ ಸೇರಿಸಿ ಹೇಳತೀವಿ. ಹಂಗ ಹೇಳಿದ್ರ ದೋಷ ಇಲ್ಲ."

ಹೆಸರು ಬಾಯಿಂದ ಬಂದರೆ ಸಾಕು, ಸುತ್ತ ಬೇರೆ ಮಾತು ಇರಬಾರದೆಂದು ನಿಯಮದಲ್ಲಿ ಇಲ್ಲ, ಮೇಲ್ಮನವಿಯೂ ಇನ್ನೂ ಮುಗಿದಿಲ್ಲ ಎಂದರು ವೈಜಯಂತಿ. ಅತ್ತೆ-ಸೊಸೆ ಮೂಲೆಗೆ ಹೋಗಿ ತಲೆಗೆ ತಲೆ ಕೊಟ್ಟು ಗುಸುಗುಸು ನಡೆಸಿದರು. ಹತ್ತು ನಿಮಿಷದ ಮೇಲೆ ಮೀರಿಮ್ ಬಂದು ಕುರ್ಚಿಯಲ್ಲಿ ಕುಳಿತಳು. ವಿರೂಪಾಕ್ಷ ಎದುರಿಗೆ ನಿಂತಿದ್ದ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಗಂಡನನ್ನೇ ನೋಡುತ್ತ ರಾಗವಾಗಿ ಹೇಳಿದಳು:

"ನಮ್ಮ ನಾಡಿನ ಸರೋವರ ಚಳಿಗಾಲಕ್ಕೂ ಹೆಪ್ಪುಗಟ್ಟಂಗಿಲ್ಲ,
ಬೆಟಗೇರಿ ಮಗ್ಗ ಹಗಲೊತ್ತು ಸುಮ್ಮನ ಕೂಡಂಗಿಲ್ಲ,
ವಿರೂಪಾಕ್ಷ ಅವರ ಮನಿ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ."

ಬಡಿತ ಎಪ್ಪತ್ತೊಂದು. ದೀಪ ಹಸಿರಾಯಿತು. ಬನವ್ವ ಸೊಸೆಯ ತಲೆ ತಬ್ಬಿಕೊಂಡು ಎಲ್ಲರೆದುರಿಗೇ ಅತ್ತಳು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಆರೇ ತಿಂಗಳಲ್ಲಿ ಆ ಕಚೇರಿಯ ಪಡಸಾಲೆಯಲ್ಲಿ ಯಂತ್ರದ ಹೆದರಿಕೆಗೇ ಎದೆ ಹಾರುತ್ತಿದ್ದ ಪೋಲೆಂಡಿನ ಸೊಸೆಯರೂ ಕೀನ್ಯಾದ ಅಳಿಯಂದಿರೂ ಸಾಲಾಗಿ ಕೂತು ತುಟಿ ಅಲುಗಿಸುತ್ತ ಒಡಪು ಕಲಿಯುತ್ತಿದ್ದರು. ವಾರಕ್ಕೆ ಎರಡು ದಿನ ಬನವ್ವನೇ ಬಂದು ಅವರ ಪ್ರಾಸ ತಿದ್ದುತ್ತಿದ್ದಳು. ಮನುಷ್ಯರ ನಡುವೆ ನುಸುಳಿದ ಸುಳ್ಳು ಹಿಡಿಯಲು ಹುಟ್ಟಿದ ಯಂತ್ರ ಊರಿಗೆಲ್ಲ ಕವಿತೆ ಕಟ್ಟಲು ಕಲಿಸೀತೆಂದು ವೈಜಯಂತಿಯವರು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಯಂತ್ರಕ್ಕೆ ಹೊಸ ಪಾಠ ಕಲಿಸುವ ಕೆಲಸ ಶುರುವಾದಾಗ ಮೊದಲ ಜೋಡಿಯಾಗಿ ಬನವ್ವನನ್ನೂ ಫಕೀರಪ್ಪನವರನ್ನೂ ಕೂರಿಸಿದರು. ಇಬ್ಬರ ಕೈಗೂ ಪಟ್ಟಿ ಕಟ್ಟಿದರು. ಬನವ್ವ ಗಂಟಲು ಸರಿಪಡಿಸಿಕೊಂಡಳು.

"ಸೀರಿ ಅಂಚು ಕೆಂಪ, ಹಣಿಮ್ಯಾಲಿನ ಕುಂಕುಮ ಕೆಂಪ,
ಚಹಾ ತಡ ಆದ್ರ ಮಾರಿನೂ ಕೆಂಪ, ಅವರ ನಮ್ಮ ಫಕೀರಪ್ಪ."

ಅವಳ ದೀಪ ಹಸಿರಾಯಿತು. ಎಲ್ಲರೂ ನಕ್ಕರು. ಫಕೀರಪ್ಪ ಮಾತ್ರ ನಗಲಿಲ್ಲ. ತಮ್ಮ ಮದುವೆಯ ಊಟದ ಪಂಕ್ತಿಯಲ್ಲಿ ಒಮ್ಮೆ ಬಿಟ್ಟರೆ ಹೆಂಡತಿಯ ಬಾಯಲ್ಲಿ ತಮ್ಮ ಹೆಸರನ್ನು ಇಷ್ಟು ಇಂಪಾಗಿ ಅವರು ಕೇಳಿರಲಿಲ್ಲ. ಅವರ ಬಡಿತ ನೂರ ಮೂವತ್ತು ದಾಟಿ ದೀಪ ಕೆಂಪಗೆ ಹೊತ್ತಿಕೊಂಡಿತು. ವೈಜಯಂತಿಯವರು ಗಾಬರಿಯಾಗಿ ಎದ್ದು ಬಂದರು.

ಫಕೀರಪ್ಪ ಪಂಜೆಯ ತುದಿಯಿಂದ ಕಣ್ಣು ಒರೆಸಿಕೊಂಡು, "ನನಗೇನೂ ಆಗಿಲ್ರಿ," ಎಂದರು. "ಕಿವಿ ಸ್ವಲ್ಪ ಮಂದ ಆಗ್ಯಾವ. ಇನ್ನೊಮ್ಮಿ ಹೇಳಾಕ ಹೇಳ್ರಿ."