ಡಬ್ಬಿ ಮುಚ್ಚುವ ಅವಸರ

"ನಿಲ್ಲಸ್ರೀ ಗಾಡಿ!"

ಸಂಡೂರಿನ ಅದಿರು ಲಾರಿಗಳ ರಸ್ತೆಯಲ್ಲಿ ನೀರು ಚಿಮುಕಿಸುತ್ತ ಬರುತ್ತಿದ್ದ ಟ್ಯಾಂಕರಿಗೆ ಹೇಮಾವತಿ ಅಡ್ಡ ನಿಂತೇಬಿಟ್ಟಳು. ಕೈಯಲ್ಲಿ ಒದ್ದೆಯಾದ ಬಾಳೆಹಣ್ಣಿನ ತಟ್ಟೆ, ಕಣ್ಣಲ್ಲಿ ಕೆಂಡ!

ಡ್ರೈವರ್ ಮಾರುತೇಶ್ ಗಾಬರಿಯಿಂದ ಇಳಿದ. ಆ ದಾರಿಗೆ ಅವನು ಬಂದ ಮೊದಲ ದಿನ ಅದು.

"ಮೂರು ಬಿಸಿಲು ಕಂಡ ಹಣ್ರೀ ಇವು. ನೀರು ಸಿಡಿಸಿ ಕೆಡಿಸಿದ್ರಲ್ಲ!"

"ಧೂಳು ಏಳಬಾರ್ದಂತ ನೀರು ಹೊಡಿಯೋದೇ ನನ್ನ ಕೆಲ್ಸ ರೀ... ನಿಮ್ಮ ಹೊರಸು ರಸ್ತಿಗೇ ಬಂದೈತಲ್ಲ."

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು! ಅವನು ಮಾತ್ರ ವಾದಕ್ಕೆ ನಿಲ್ಲದೆ ಹಣ್ಣು ಹರವಿದ್ದ ಹಗ್ಗದ ಮಂಚದ, ಆ ಹೊರಸಿನ, ಒಂದು ಕಡೆ ಹಿಡಿದ.

"ಆ ಕಡಿ ಹಿಡೀರಿ. ಒಳಗ ಸರಸೂಣು."

ಜಗಳಕ್ಕೆ ಬಂದವಳು ಅವನ ಜೊತೆ ಹೊರಸು ಹೊರುವಂತಾಯಿತು, ನೋಡಿ!

ಕಂಪ್ಲಿಯಿಂದ ಬರುವ ಸುಗಂಧಿ ಬಾಳೆಹಣ್ಣನ್ನು ಸುಲಿದು, ಉದ್ದಕ್ಕೆ ಸೀಳಿ, ಐದು ದಿನ ಬಿಸಿಲಲ್ಲಿ ಒಣಗಿಸಿ ಮಾರುವುದು ಹೇಮಾವತಿಯ ಕಸುಬು. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಟ್ಯಾಂಕರಿನ ಹಾರನ್ ಕೇಳಿದರೆ ಸಾಕು, ಒಂದು ತುಂಡು ಹಣ್ಣು ಹಿಡಿದು ಅವಳು ಹೊರಗೋಡುತ್ತಿದ್ದಳು.

"ಹೆಂಗೈತ್ರಿ?"

"ಹಲ್ಲಿಗೆ ಅಂಟ್ಕೊಂಡೈತ್ರಿ... ರಾತ್ರಿ ತನಕ ನಿಮ್ಮದೇ ನೆನಪು!"

'ಅಯ್ಯೋ, ಇವನ ಬಾಯೋ!' ಎಂದುಕೊಂಡರೂ ಮರುದಿನ ಇನ್ನೂ ದೊಡ್ಡ ತುಂಡನ್ನೇ ಆರಿಸುತ್ತಿದ್ದಳು.

ಹೊಸಪೇಟೆಯ ಅಂಗಡಿಯೊಂದರಿಂದ ಮೊದಲ ಆರ್ಡರ್ ಬಂತು. ಹೇಮಾವತಿ ಹಿಗ್ಗಿ ಹೀರೇಕಾಯಿಯಾದಳು. ಆದರೆ ಕಳಿಸುವ ದಿನ ಡಬ್ಬಿ ತೆಗೆದರೆ... ಹಣ್ಣಿನ ಮೇಲೆಲ್ಲ ಬಿಳಿ ಬೂಷ್ಟು!

ಪಕ್ಕದ ಮನೆಯ ಪಂಪಮ್ಮ ಇಣುಕಿ ನೋಡಿದಳು. "ಆ ಟ್ಯಾಂಕರಿನವ ಎಲ್ಲರ ಮನಿ ಮುಂದ ಒಂದ್ ಸಲ ನೀರು ಹೊಡದ್ರ, ನಿಮ್ಮನಿ ಮುಂದ ಎಲ್ಡು ಸಲ ಹೊಡೀತಾನ. ತ್ಯಾವ ಹಿಡೀದೇ ಇರ್ತೈತೇನ?"

ಅಷ್ಟು ಸಾಕಾಯಿತು. ನಾಲ್ಕಕ್ಕೆ ಬಂದವನ ಮೇಲೆ ಹೇಮಾವತಿ ಉರಿದುಬಿದ್ದಳು.

"ಎಲ್ಡೆಲ್ಡು ಸಲ ನೀರು ಹೊಡೀರಿ ಅಂತ ನಾ ಕೇಳಿದ್ನೇನ್ರಿ? ನನ್ನ ಹಣ್ಣೆಲ್ಲ ಹಾಳು ಮಾಡಿದ್ರಿ! ಇನ್ಮ್ಯಾಲ ಈ ದಾರಿಗೆ ಬರಬ್ಯಾಡ್ರಿ!"

ಅವಳ ಕಣ್ಣೀರು ನೋಡಿ ಮಾರುತೇಶ್ ಗಾಡಿ ಹತ್ತಿದ.

ಮರುದಿನ ಬಂದದ್ದು ಲಿಂಗರಾಜ್ ಎಂಬ ಬೇರೆ ಡ್ರೈವರ್. ನಾಲ್ಕಕ್ಕೆ ಒಂದೇ ಸಲ ನೀರು ಹೊಡೆದು ಹೋದ. ಅರ್ಧ ತಾಸಿನಲ್ಲೇ ರಸ್ತೆ ಒಣಗಿ, ಲಾರಿಗಳ ಕೆಂಪು ಧೂಳು ಮೇಲೆ ಹೊದಿಸಿದ್ದ ತೆಳು ಬಟ್ಟೆ ದಾಟಿ ಹೊಸ ಹಣ್ಣಿನ ಮೇಲೆ ಕೂತಿತು. ಎರಡನೇ ಸಲದ ನೀರು ಯಾತಕ್ಕೆಂದು ಅವಳಿಗೆ ಆಗ ಅರ್ಥವಾಯಿತು.

ವಾಪಸು ಬರುತ್ತಿದ್ದ ಲಿಂಗರಾಜನನ್ನು ನಿಲ್ಲಿಸಿ, ಮಾರುತೇಶ್ ಎಲ್ಲಿ ಎಂದು ಕೇಳಿದಳು.

"ಮಾರುತೇಶನಾ? ದೋಣಿಮಲೈ ಕಡಿ ಡ್ಯೂಟಿ ಕೇಳ್ಯಾನ್ರಿ. ನಾಳಿಂದ ಅಲ್ಲೇ. ಈಗ ಬೋರಿನ ಹತ್ರ ನೀರು ತುಂಬಿಸಾಕತ್ಯಾನ."

ಹೇಮಾವತಿ ಕಾಲೆಳೆಯುತ್ತ ಮನೆಗೆ ಬಂದಳು. ಒಳಗೆ ಡಬ್ಬಿ ಒರೆಸುತ್ತಿದ್ದ ಅವ್ವ ಚೆನ್ನಬಸಮ್ಮ ಗೊಣಗಿದಳು. "ಈ ಸಲನಾರ ಹಣ್ಣು ಆರಿದ ಮ್ಯಾಲ ತುಂಬು. ಹ್ವಾದ ಸಲ ಬಿಸಲಾಗಿಂದು ಬಿಸಿ ಬಿಸೀನ ತುಂಬಿ, ಮುಚ್ಚಳ ಬಡದು ಓಡಿದಿ. ಬೆವತು ಬೂಷ್ಟು ಬಂತು."

ಹೇಮಾವತಿ ನಿಂತಲ್ಲೇ ನಿಂತಳು. ಅವತ್ತು ಯಾಕೆ ಓಡಿದ್ದೆ?

ಹಾರನ್ ಕೇಳಿ!

ಚಪ್ಪಲಿ ಮೆಟ್ಟುವುದನ್ನೂ ಮರೆತು ಬೋರಿನ ಕಡೆ ಓಡಿದಳು. ಮಾರುತೇಶ್ ಪೈಪು ಹಿಡಿದು ನಿಂತಿದ್ದ.

"ತಪ್ಪು ನಂದ್ರಿ... ನೀರಿಂದಲ್ಲ. ಬಿಸಿ ಹಣ್ಣು ತುಂಬಿ ಮುಚ್ಚಳ ಹಾಕಿದ್ದೆ."

"ನಿಮಗ ಗೊತ್ತಿಲ್ಲದ ಕೆಲ್ಸ ಏನ್ರಿ ಅದು? ಆರೋತನ ಕಾಯಬೇಕಿಲ್ಲ?"

"ನಿಮ್ಮ ಗಾಡಿ ಬಂತಲ್ಲ..." ಅವಳ ದನಿ ಸಣ್ಣಗಾಯಿತು. "ನಿಮ್ಮನ್ನ ನೋಡೋ ಅವಸರ. ಕಾಯಾಕ ಆಗ್ಲಿಲ್ಲ."

ಟ್ಯಾಂಕರ್ ತುಂಬಿ ನೀರು ಉಕ್ಕಿತು. ಅವನಿಗೆ ಪರಿವೆಯೇ ಇಲ್ಲ!

"ಹೇಮಾ... ನಾಳಿನೂ ಇದೇ ದಾರಿಗೆ ಬರ್ಲಾ?"

"ಬರ್ರಿ. ಆದ್ರ ರಸ್ತ್ಯಾಗ ನಿಂತು ಹಾರನ್ ಹೊಡಿಯೋದು ಸಾಕು. ಮನಿ ಒಳಗ ಬಂದು ಕುಂದ್ರಿ, ಅವ್ವನ್ನ ಕೇಳ್ರಿ."

"ಏನು ಕೇಳ್ಲಿ?"

ಅವಳು ತಲೆ ತಗ್ಗಿಸಿ, ಸೆರಗಿನ ತುದಿ ಸುತ್ತುತ್ತ ಮೆಲ್ಲಗೆ ಅಂದಳು.

"ನನ್ನ..."